ನೋವು ಅಡಗಿತು, ಮೂಳೆ ಕೂಡಿತೇ?

೨೦೦೨ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಇಂಗ್ಲೆಂಡಿನ ಜನಪ್ರಿಯ ದಿನಪತ್ರಿಕೆಯೊಂದು ಪಾದವೊಂದರ ಚಿತ್ರವನ್ನು ಅಚ್ಚುಮಾಡಿ, ಓದುಗರೆಲ್ಲರೂ ಅದರ ಮೇಲೆ ಕೈಯಿರಿಸಿ ಬೇಗ ಗುಣವಾಗಲೆಂದು ಹಾರೈಸಬೇಕೆಂದು ಕೇಳಿಕೊಂಡಿತು. ಆ ಪಾದ ಯಾವ ಸಂತನದೂ ಅಲ್ಲ, ಯಾವ ರಾಜನದೂ ಅಲ್ಲ. ಕಾಲ್ಚೆಂಡಾಟಗಾರ ಡೇವಿಡ್ ಬೆಕ್‌ಹ್ಯಾಮನದು. ಆ ತಿಂಗಳ ೧೦ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ಪಂದ್ಯದಲ್ಲಿ, ಸ್ಪೇನಿನಿಂದ ಬಂದಿದ್ದ ತಂಡದ ಆಟಗಾರನೊಬ್ಬನ ಅಡ್ಡಗಾಲಿಗೆ ಸಿಕ್ಕಿ ಆತನ ಎಡಪಾದದ ಒಂದು ಎಲುಬು ಮುರಿದಿತ್ತು. ವಿಶ್ವ ಕಪ್ಪಿನಲ್ಲಿ ಇಂಗ್ಲೆಂಡಿನ ಮೊದಲ ಪಂದ್ಯಕ್ಕೆ ಉಳಿದಿದ್ದುದು ಏಳೂವರೆ ವಾರಗಳು ಮಾತ್ರ. ಪ್ರಧಾನಮಂತ್ರಿ ಟೋನಿ ಬ್ಲೇರ್ ಅವರು ಮಂತ್ರಿಮಂಡಲದ ಸಭೆಯಲ್ಲಿಯೇ ಈ ಪಾದದ ಪ್ರಸ್ತಾಪವನ್ನೆತ್ತಿದರೆಂದರೆ ಜನರ ಕಾತರ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ಅಲ್ಲಿಯವರೆಗೆ ವೈದ್ಯರ ಪುಸ್ತಕದಲ್ಲಿ ಮಾತ್ರ ಇದ್ದ ‘ಮೆಟಟಾರ್ಸಲ್’ ಎಂಬ ಪದ ತರಕಾರಿ ಅಂಗಡಿಯವನ ಬಾಯಿಗೂ ಬಂದಿತು.

ಇದನ್ನು ಓದಿದವರಿಗೆ ಒಂದು ಸಂದೇಹ ಬರುವುದು ಸಹಜ. ಅಷ್ಟೊಂದು ಹಾರೈಕೆ ಏಕೆ? ಒಂದು ಕಾರ್ಟಿಸೋನ್ ಚುಚ್ಚಿಸಿದ್ದರೆ ಆಗುತ್ತಿರಲಿಲ್ಲವೇ? ಹಿಮ್ಮಡಿ ನೋವೆಂದು ವರ್ಷವೆಲ್ಲ ಕುಂಟುತ್ತಿದ್ದ ಅತ್ತೆಯವರು ಮೂಳೆ ವೈದ್ಯರಲ್ಲಿಗೆ ಹೋಗಿ, ಒಂದು ಚುಚ್ಚುಮದ್ದು ಹಾಕಿಸಿಕೊಂಡು, ವಾರದೊಳಗೆ ದೇವಸ್ಥಾನದ ಮೆಟ್ಟಿಲು ಹತ್ತಿದ ಕಥೆ ಯಾವ ಮನೆಯಲ್ಲಿ ಇಲ್ಲ? ಹಣವಿರುವ ಆಟಗಾರನಿಗೆ ಅಂಥ ಮದ್ದು ಸಿಗದೆ ಹೋಯಿತೇ? ಸಿಗದೆ ಏನು, ಬೇಕಾದಷ್ಟು ಸಿಗುತ್ತದೆ. ಎಷ್ಟೋ ವೇಳೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಸಿಕ್ಕಿದೆ. ಆದರೆ ಮುರಿದ ಎಲುಬಿಗೂ ಕಾರ್ಟಿಸೋನಿಗೂ ಬೀಗತನವಿಲ್ಲ. ಅದೇಕೆಂಬುದನ್ನು ತಿಳಿಯಬೇಕಾದರೆ ಈ ಮದ್ದು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

ಅಮೆರಿಕದ ಮಿನ್ನೆಸೋಟ ಪ್ರಾಂತದ ರೋಚೆಸ್ಟರಿನಲ್ಲಿ ಮೇಯೋ ಚಿಕಿತ್ಸಾಲಯವಿದೆ. ಅಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. ೧೯೨೯ರಲ್ಲಿ ಅವರ ಕಣ್ಣಿಗೆ ಒಂದು ವಿಚಿತ್ರ ಬಿದ್ದಿತು. ಕೀಲುವಾತದಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ಕಾಮಾಲೆ ತಗುಲಿದೊಡನೆ ಕೀಲುಗಳ ನೋವು ಮಾಯವಾಯಿತು. ಬಸಿರಾದ ಹೆಂಗಸರಲ್ಲಿಯೂ ಇಂಥದೇ ಉಪಶಮನ ಕಾಣುತ್ತಿತ್ತು. ಹಾಗಾದರೆ ದೇಹವೇ ತಯಾರಿಸಿಕೊಳ್ಳುವ ಯಾವುದೋ ವಸ್ತುವಿನಲ್ಲಿ ಈ ಗುಣವಿರಬೇಕೆಂದು ಹೆಂಚ್ ತರ್ಕಿಸಿದರು. ಅದೇ ಸಂಸ್ಥೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಅವರು ದನಗಳ ಅಡ್ರೀನಲ್ ಗ್ರಂಥಿಗಳಿಂದ, ಎಂದರೆ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಸಣ್ಣ ಗ್ರಂಥಿಗಳಿಂದ, ಒಂದೊಂದೇ ವಸ್ತುವನ್ನು ಬೇರ್ಪಡಿಸಿ ಅವಕ್ಕೆ ಎ, ಬಿ ಎಂದು ಅಕ್ಷರಗಳ ಹೆಸರಿಟ್ಟಿದ್ದರು. ಅವುಗಳಲ್ಲಿ ‘ಇ’ ಎಂಬುದರ ಮೇಲೆ ಹೆಂಚರ ಕಣ್ಣು ಬಿತ್ತು. ಆದರೆ ರಾಶಿ ರಾಶಿ ಗ್ರಂಥಿಗಳನ್ನು ಅರೆದರೂ ಚಿಟಿಕೆಯಷ್ಟು ವಸ್ತು ಸಿಕ್ಕುವುದು ದುಸ್ತರ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಜರ್ಮನರು ಇಂಥ ರಸವನ್ನು ಚುಚ್ಚಿ ತಮ್ಮ ವಿಮಾನ ಚಾಲಕರನ್ನು ಅತಿ ಎತ್ತರದಲ್ಲಿ ಹಾರಿಸುತ್ತಿದ್ದಾರೆಂಬ ವದಂತಿಯೊಂದು ಹಬ್ಬಿತು. ವದಂತಿ ಸುಳ್ಳಾದರೂ ಅದರಿಂದ ಉಪಕಾರವೇ ಆಯಿತು. ಅಮೆರಿಕದ ಸರ್ಕಾರ ಈ ಸಂಶೋಧನೆಗೆ ಒತ್ತಾಸೆಯಾಗಿ ನಿಂತಿತು. ಮೆರ್ಕ್ ಸಂಸ್ಥೆಯ ಲೂಯಿಸ್ ಸ್ಯಾರೆಟ್ ಎಂಬ ತರುಣ ವಿಜ್ಞಾನಿ ದನದ ಪಿತ್ತರಸದಿಂದ ಹೊರಟು, ಮೂವತ್ತಕ್ಕೂ ಹೆಚ್ಚು ಮಜಲುಗಳನ್ನು ದಾಟಿ, ‘ಇ’ಯನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿದರು.

೧೯೪೮ರ ಸೆಪ್ಟೆಂಬರ್ ತಿಂಗಳು. ಮೇಯೋ ಚಿಕಿತ್ಸಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳೊಬ್ಬಳು ಮಲಗಿದ್ದಳು. ಕೀಲುವಾತದಿಂದ ಹಾಸಿಗೆಯಲ್ಲಿ ಮಗ್ಗುಲು ತಿರುಗುವುದೂ ಆಕೆಗೆ ಸಂಕಟ. ಆ ತಿಂಗಳ ೨೧ರಿಂದ ಆಕೆಗೆ ದಿನವೂ ಈ ವಸ್ತುವನ್ನು ಚುಚ್ಚಲಾರಂಭಿಸಿದರು. ಮೂರು ನಾಲ್ಕು ದಿನಗಳಲ್ಲಿ ಆಕೆ ಎದ್ದು ನಡೆದಳು. ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಮೂರು ಗಂಟೆಗಳ ಕಾಲ ಅಂಗಡಿ ಸುತ್ತಿ ಬಂದಳು! ಮರುವರ್ಷ ಈ ಸುದ್ದಿಯನ್ನು ಹೊರಗೆಡಹಿದಾಗ ವೈದ್ಯಲೋಕವೇ ಬೆರಗಾಯಿತು. ೧೯೫೦ರಲ್ಲಿ ಹೆಂಚ್, ಕೆಂಡಾಲ್ ಹಾಗೂ ಸ್ವಿಟ್ಸರ್ಲೆಂಡಿನ ಟಾಡೆಯುಸ್ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ‘ಇ’ಗೆ ಕಾರ್ಟಿಸೋನ್ ಎಂದು ನಾಮಕರಣವಾಯಿತು. ೧೯೫೨ರಲ್ಲಿ ಅಪ್‌ಜಾನ್ ಎಂಬ ಸಂಸ್ಥೆಯ ವಿಜ್ಞಾನಿಗಳು, ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಬಳಗದ ಒಂದು ಸೂಕ್ಷ್ಮ ಜೀವಿಯಿಂದ ಈ ಕೆಲಸದ ಕಠಿಣತಮ ಭಾಗವನ್ನು ಮಾಡಿಸುವ ಉಪಾಯ ಕಂಡುಹಿಡಿದರು. ಬಂಗಾರದ ತೂಕದಲ್ಲಿದ್ದ ಮದ್ದು ಸಾಮಾನ್ಯರ ಕೈಗೆಟುಕಿತು.

(ಅದೇ ೧೯೪೮ರ ಜುಲೈ ೩೧ರಂದು ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಕಾಲ್ಚೆಂಡು ತಂಡ ಫ್ರಾನ್ಸಿನ ಎದುರು ಆಡಿತು. ಹೆಚ್ಚಿನವರು ಬರಿಗಾಲಿನವರು. ೨-೧ರಿಂದ ಸೋತರೂ ಭಾರತದ ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದ ನಾಯಕ ತಾಲಿಮೆರೆನ್ ಆವೋ ಮುಂದೆ ವೈದ್ಯರೇ ಆದರು. ಆ ಬರಿಗಾಲುಗಳಿಗೆ ಪೆಟ್ಟು ಬಿದ್ದಾಗ ಇದ್ದ ಔಷಧ ವಿಶ್ರಾಂತಿ, ಪಟ್ಟಿ, ಕಾವು, ಇಷ್ಟೇ. ಕಾರ್ಟಿಸೋನ್ ಮನುಷ್ಯನ ಮೈ ಸೇರಲು ಇನ್ನೂ ಏಳು ವಾರಗಳಿದ್ದವು.)

ಆದರೆ ಬೆರಗಿನ ಹಿಂದೆಯೇ ವ್ಯಸನವೂ ಬಂದಿತು. ಮದ್ದು ನಿಲ್ಲಿಸಿದರೆ ರೋಗ ಮರುಕಳಿಸುತ್ತಿತ್ತು. ಮುಂದುವರಿಸಿದರೆ ಮುಖ ಚಂದ್ರಬಿಂಬದಂತೆ ಊದುತ್ತಿತ್ತು, ಮೂಳೆಗಳು ಟೊಳ್ಳಾಗುತ್ತಿದ್ದವು, ರಕ್ತದಲ್ಲಿ ಸಕ್ಕರೆ ಏರುತ್ತಿತ್ತು. ಇಡೀ ದೇಹಕ್ಕೆ ಉಣಿಸುವುದರಿಂದ ತಾನೇ ಈ ಅನರ್ಥ? ನೋವಿರುವ ಕೀಲಿಗೆ ಮಾತ್ರ ಚುಚ್ಚಿದರೆ ಹೇಗೆ? ಫಿಲಡೆಲ್ಫಿಯಾದ ಜೋಸೆಫ್ ಹೊಲಾಂಡರ್ ಎಂಬ ವೈದ್ಯರು ಹಾಗೆಯೇ ಮಾಡಿ ೧೯೫೧ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವರು ಚುಚ್ಚಿದ್ದು ಕಾರ್ಟಿಸೋನನ್ನಲ್ಲ, ಅದರ ದಾಯಾದಿಯಾದ ಹೈಡ್ರೋಕಾರ್ಟಿಸೋನನ್ನು. ಇಂದು ಕೀಲಿಗೆ ಚುಚ್ಚುವುದೂ ಟ್ರೈಆಮ್ಸಿನೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್ ಮೊದಲಾದ ದಾಯಾದಿಗಳನ್ನೇ. ಆದರೂ ಜನರ ಬಾಯಲ್ಲಿ ಹಿರಿಯಣ್ಣನ ಹೆಸರೇ ನಿಂತಿದೆ.

ಈ ಚುಚ್ಚುಮದ್ದು ಮಾಡುವ ಕೆಲಸವೇನು? ಮೈಗೆ ಪೆಟ್ಟು ಬಿದ್ದೊಡನೆ ಆ ಜಾಗಕ್ಕೆ ರಕ್ತ ನುಗ್ಗುತ್ತದೆ. ಅದರೊಡನೆ ನಾನಾ ಬಗೆಯ ಜೀವಕಣಗಳು ಧಾವಿಸುತ್ತವೆ. ಜಾಗ ಕೆಂಪಗಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ವೈದ್ಯರು ಇದನ್ನು ಉರಿಯೂತವೆನ್ನುತ್ತಾರೆ. ಮನೆ ರಿಪೇರಿಗೆ ಗಾರೆಯವರು, ಬಡಗಿಗಳು ಬಂದಾಗ ಆಗುವ ಗದ್ದಲದಂಥದು ಅದು. ಧೂಳು, ಸದ್ದು, ಓಡಾಟ, ಮನೆಯವರಿಗೆ ನೆಮ್ಮದಿಯಿಲ್ಲ. ಆದರೆ ಗೋಡೆ ಎದ್ದು ನಿಲ್ಲುವುದೂ ಆ ಗದ್ದಲದಿಂದಲೇ. ಕಾರ್ಟಿಸೋನ್ ಬಂದು ಗದ್ದಲವನ್ನು ನಿಲ್ಲಿಸುತ್ತದೆ. ಹೇಗೆ? ಗಾರೆಯವರನ್ನು ಮನೆಗೆ ಕಳುಹಿಸಿ. ಕೆಲಸ ಮುಗಿದ ಮೇಲೂ ಹೋಗದೆ ಕುಳಿತು ಸುಮ್ಮನೆ ಗಲಾಟೆ ಮಾಡುತ್ತಿರುವ ಆಳುಗಳಿದ್ದರೆ ಇದು ದೊಡ್ಡ ಉಪಕಾರವೇ ಸರಿ. ಎಷ್ಟೋ ಹಳೆಯ ಕೀಲುನೋವುಗಳು ಅಂಥವು. ಗೋಡೆಯೇ ಬಿದ್ದಿರುವಾಗ ಆಳುಗಳನ್ನು ಕಳುಹಿಸಿಬಿಟ್ಟರೆ?

ಇನ್ನೊಂದು ಸಂಗತಿ. ಇದರೊಡನೆ ಸಾಮಾನ್ಯವಾಗಿ ಮರಗಟ್ಟಿಸುವ ಮದ್ದನ್ನೂ ಬೆರೆಸಿರುತ್ತಾರೆ. ಸೂಜಿ ತೆಗೆದ ಹತ್ತು ನಿಮಿಷಕ್ಕೆ ರೋಗಿ ಎದ್ದು ಜಿಗಿದರೆ ಅದು ಕಾರ್ಟಿಸೋನಿನ ಮಹಿಮೆಯಲ್ಲ, ಬೆರಕೆಯ ಮಹಿಮೆ. ಕೆಲವು ಗಂಟೆಗಳಲ್ಲಿ ಅದು ಇಳಿಯುತ್ತದೆ. ಒಂದೆರಡು ದಿನ ನೋವು ಮೊದಲಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಕಾರ್ಟಿಸೋನ್ ತನ್ನ ಕೆಲಸವನ್ನು ತೋರಿಸುವುದು ಅದಾದ ಮೇಲೆ.

ಈಗ ಪಾದಕ್ಕೆ ಬರೋಣ. ಇಪ್ಪತ್ತಾರು ಎಲುಬುಗಳು, ಮೂವತ್ತಮೂರು ಕೀಲುಗಳು, ನೂರಕ್ಕೂ ಮಿಕ್ಕ ಸ್ನಾಯು, ರಜ್ಜು, ಪಟ್ಟಿಗಳು ಒಂದು ಗೇಣಿನಷ್ಟು ಜಾಗದಲ್ಲಿ ಕೂಡಿಕೊಂಡಿವೆ. ಓಡುವಾಗ ಒಂದೊಂದು ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು ಮೂರು ಪಾಲು ಭಾರ ಅದರ ಮೇಲೆ ಬೀಳುತ್ತದೆ. ಬೇರೆಯವರಿಗೆ ಪಾದವೆಂದರೆ ನಡೆಯುವ ಸಾಧನ. ಕಾಲ್ಚೆಂಡಿನವನಿಗೆ ಅದು ಕೈಯೂ ಹೌದು. ಒದೆಯುವುದು, ತಡೆಯುವುದು, ತಿರುಗಿಸುವುದು ಎಲ್ಲವೂ ಅದರಿಂದಲೇ. ಮೇಲೆ ಎದುರಾಳಿಯ ಬೂಟಿನ ಮೊಳೆ ಬೇರೆ.

ಪಾದದಲ್ಲಿ ಕಾರ್ಟಿಸೋನಿಗೆ ಮರ್ಯಾದೆಯ ಸ್ಥಾನವಿಲ್ಲವೆಂದಲ್ಲ. ಪಾದವೂ ಕಾಲೂ ಕೂಡುವ ಹರಡಿನ ಕೀಲನ್ನೇ ತೆಗೆದುಕೊಳ್ಳಿ. ಸಾವಿರಾರು ಬಾರಿ ಚೆಂಡನ್ನೊದ್ದು ಒದ್ದು ಕೀಲಿನ ಮುಂಭಾಗದಲ್ಲಿ ಎಲುಬಿನ ಸಣ್ಣ ಮುಳ್ಳುಗಳು ಬೆಳೆಯುತ್ತವೆ. ಪಾದವನ್ನು ಮೇಲಕ್ಕೆ ಮಡಿಸಿದಾಗಲೆಲ್ಲ ಕೀಲಿನ ಒಳಪೊರೆ ಅವುಗಳ ನಡುವೆ ಸಿಕ್ಕಿ ಊದಿಕೊಳ್ಳುತ್ತದೆ. ಲಿವರ್‌ಪೂಲಿನ ಮೂಳೆ ವೈದ್ಯ ಮೆಕ್‌ಮರ್ರಿ ಅವರು ೧೯೫೦ರಲ್ಲಿ ಇದನ್ನು ವಿವರಿಸಿ ‘ಕಾಲ್ಚೆಂಡಾಟಗಾರನ ಹರಡು’ ಎಂದೇ ಕರೆದರು. ಅಲ್ಲಿ ಒಂದು ಚುಚ್ಚುಮದ್ದು ಊತವನ್ನು ತಗ್ಗಿಸಿ, ವ್ಯಾಯಾಮಕ್ಕೆ ಅವಕಾಶ ಮಾಡಿಕೊಡಬಲ್ಲದು. ಮುಳ್ಳು ಮಾತ್ರ ಇದ್ದಲ್ಲಿಯೇ ಇರುತ್ತದೆ.

ಹಿಮ್ಮಡಿಯ ಮೇಲಿನ ದಪ್ಪ ರಜ್ಜುವಿಗೆ, ಎಂದರೆ ಅಕಿಲಿಸ್ ರಜ್ಜುವಿಗೆ, ಕಾರ್ಟಿಸೋನ್ ಚುಚ್ಚುವುದೆಂದರೆ ಎಚ್ಚರವುಳ್ಳ ವೈದ್ಯರು ಹಿಂದೆ ಸರಿಯುತ್ತಾರೆ. ರಜ್ಜುವಿನ ನಾರುಗಳನ್ನು ನೇಯುವ ಕಣಗಳನ್ನೇ ಈ ಮದ್ದು ಸುಮ್ಮನಾಗಿಸುವುದರಿಂದ, ನೋವಿಲ್ಲದ ರಜ್ಜು ಒಳಗೊಳಗೇ ಜೀರ್ಣವಾಗಿ ಒಂದು ದಿನ ಹಗ್ಗ ಹರಿದಂತೆ ಹರಿದುಹೋಗಬಹುದು. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳುಗಳವರೆಗೆ ಬಿಲ್ಲಿನ ಹೆದೆಯಂತೆ ಬಿಗಿದ ಪಟ್ಟಿಯೊಂದಿದೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆಯಿಡುವಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುವುದು ಈ ಪಟ್ಟಿಯ ಬೇನೆಯಿಂದ. ಅಡಿಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವ ಗೃಹಿಣಿಯರಿಗೂ ಮೈದಾನದಲ್ಲಿ ಓಡುವ ಆಟಗಾರರಿಗೂ ಇದು ಸಮಾನ ಶತ್ರು. ಚುಚ್ಚುಮದ್ದಿನಿಂದ ಉಪಶಮನ ದೊರೆಯುವುದು ನಿಜ, ಆದರೆ ಬಹುಮಟ್ಟಿಗೆ ಕೆಲವು ವಾರಗಳ ಮಟ್ಟಿಗೆ. ೧೯೯೮ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಇಂಥ ೭೬೫ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ೫೧ ಮಂದಿಗೆ ಪಟ್ಟಿ ಹರಿದುಹೋಗಿತ್ತು. ಅವರಲ್ಲಿ ೪೪ ಮಂದಿ ಚುಚ್ಚುಮದ್ದು ಹಾಕಿಸಿಕೊಂಡವರು. ಚುಚ್ಚಿಸಿಕೊಂಡವರಿಗೆಲ್ಲ ಹರಿಯುವುದೆಂದು ಇದರ ಅರ್ಥವಲ್ಲ. ಆದರೂ ಲೆಕ್ಕ ಕಣ್ಣು ತೆರೆಸುವಂಥದು. ಅತ್ತೆಯವರಿಗೆ ಪಟ್ಟಿ ಸ್ವಲ್ಪ ಹರಿದರೆ ಮೆಟ್ಟಿಲು ಹತ್ತುವುದು ನಿಧಾನವಾದೀತು. ಆಟಗಾರನಿಗೆ ಹರಿದರೆ ಪಾದದ ಕಮಾನೇ ಕುಸಿದು ಅನ್ನಕ್ಕೆ ಸಂಚಕಾರ. ಅಂದಮೇಲೆ ಸಿಹಿಮೂತ್ರದ ರೋಗವುಳ್ಳವರು ಇದನ್ನು ಹಾಕಿಸಿಕೊಳ್ಳುವ ಮುನ್ನ ವೈದ್ಯರಿಗೆ ಆ ಸಂಗತಿಯನ್ನು ಮರೆಯದೆ ತಿಳಿಸಬೇಕು. ಪಾದಕ್ಕೆ ಚುಚ್ಚಿದ್ದು ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುವುದುಂಟು. ಚುಚ್ಚಿದ ಕಡೆ ಚರ್ಮ ಬೆಳ್ಳಗಾಗುವುದನ್ನೂ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವುದನ್ನೂ ಕಂಡವರಿದ್ದಾರೆ.

ಇನ್ನು ಮುರಿದ ಎಲುಬಿನ ಮಾತು. ಪಾದದ ನಡುವೆ ಬೆರಳಿಗೊಂದರಂತೆ ಐದು ಉದ್ದನೆಯ ಎಲುಬುಗಳಿವೆ. ಮೆಟಟಾರ್ಸಲ್ ಎಂದರೆ ಇವೇ. ಕಿರುಬೆರಳಿನ ಕಡೆಯದು ಐದನೆಯದು. ಇದರ ಬುಡದ ಬಳಿ ಆಗುವ ಒಂದು ಬಗೆಯ ಮುರಿತಕ್ಕೆ ಜೋನ್ಸ್ ಮುರಿತವೆಂದು ಹೆಸರು. ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಲಿವರ್‌ಪೂಲಿನ ಸುಪ್ರಸಿದ್ಧ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಅವರು ನರ್ತನ ಮಾಡುತ್ತಿದ್ದಾಗ ಹಿಮ್ಮಡಿ ಮೇಲಕ್ಕೆತ್ತಿದ್ದ ಪಾದ ಹೊರಮಗ್ಗುಲಿಗೆ ಹೊರಳಿತು. ರಜ್ಜುವೇನೋ ಹರಿದಿರಬೇಕೆಂದು ಭಾವಿಸಿದರು. ಸಹೋದ್ಯೋಗಿಯೊಬ್ಬರು ಆಗಷ್ಟೇ ಬಳಕೆಗೆ ಬರುತ್ತಿದ್ದ ಕ್ಷಕಿರಣದಿಂದ ಚಿತ್ರ ತೆಗೆದು ನೋಡಿದರೆ ಎಲುಬೇ ಮುರಿದಿದೆ! ಅವರು ತಮ್ಮ ಪಾದವನ್ನೂ ಒಂದು ಉದಾಹರಣೆಯಾಗಿ ಸೇರಿಸಿ ೧೯೦೨ರಲ್ಲಿ ಲೇಖನ ಬರೆದರು. ತನ್ನ ಕಾಲು ಮುರಿದುಕೊಂಡು ಹೆಸರು ಉಳಿಸಿಕೊಂಡ ವೈದ್ಯರು ವಿರಳ. ಈ ಮುರಿತ ಬಹಳ ಹಟಮಾರಿ. ಆ ಜಾಗಕ್ಕೆ ರಕ್ತದ ಪೂರೈಕೆ ಕಡಿಮೆ. ಆದ್ದರಿಂದ ಎಲುಬು ತಡವಾಗಿ ಕೂಡುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಆಟಗಾರರಿಗೆ ಸಾಮಾನ್ಯವಾಗಿ ಲೋಹದ ತಿರುಪನ್ನು ಎಲುಬಿನೊಳಕ್ಕೆ ಕೂರಿಸಿ ಬಿಗಿಯುತ್ತಾರೆ.

ಬ್ರೆಜಿಲಿನ ನೇಮಾರನಿಗೆ ಪೆಟ್ಟಾದದ್ದು ಈ ಐದನೆಯ ಎಲುಬಿಗೇ. ೨೦೧೮ರ ಫೆಬ್ರವರಿ ೨೫ರಂದು ಪ್ಯಾರಿಸ್ಸಿನಲ್ಲಿ ಬಿದ್ದ. ಮಾರ್ಚ್ ೩ರಂದು ಸ್ವದೇಶದ ಬೆಲೋ ಹೊರಿಜಾಂಟೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಪಂದ್ಯದಲ್ಲಿ ಕಾಣಿಸಿಕೊಂಡದ್ದು ಜೂನ್ ೩ರಂದು, ಸೋಜಿಗವೆಂದರೆ ಜೋನ್ಸರ ಆ ಲಿವರ್‌ಪೂಲ್ ನಗರದಲ್ಲಿಯೇ, ಕ್ರೊಯೇಷಿಯಾದ ಎದುರು. ಅರ್ಧ ಆಟದ ನಂತರ ಇಳಿದು ಗೋಲನ್ನೂ ಹೊಡೆದ. ಮೂರು ತಿಂಗಳ ತಾಳ್ಮೆ ಫಲಿಸಿತೆಂದು ಎಲ್ಲರೂ ಹಿಗ್ಗಿದರು. ೨೦೧೯ರ ಜನವರಿ ೨೩ರಂದು ಅದೇ ಪಾದದ ಅದೇ ಎಲುಬು ಮತ್ತೆ ಕೈಕೊಟ್ಟಿತು. ಮತ್ತೆ ಏಪ್ರಿಲ್ ತಿಂಗಳವರೆಗೆ ಹೊರಗೆ. ಜಗತ್ತಿನಲ್ಲಿಯೇ ಅತಿ ದುಬಾರಿಯೆನಿಸಿದ್ದ ಆಟಗಾರನ ಎಲುಬು ಕೂಡಿದ್ದೂ ಕೂಲಿಯವನ ಎಲುಬು ಕೂಡುವ ವೇಗದಲ್ಲಿಯೇ.

ಮುರಿದ ಕಡೆ ಮೊದಲು ರಕ್ತ ಹೆಪ್ಪುಗಟ್ಟಬೇಕು; ಅದರೊಳಗೆ ಮೆತ್ತನೆಯ ಗಂಟು ಬೆಳೆಯಬೇಕು; ಗಂಟು ಗಟ್ಟಿಯಾಗಿ ಎಲುಬಾಗಬೇಕು. ಇದಕ್ಕೆ ಕನಿಷ್ಠ ಆರೆಂಟು ವಾರ. ಈ ಸರಪಳಿಯ ಮೊದಲ ಕೊಂಡಿಯೇ ಉರಿಯೂತ. ಕಾರ್ಟಿಸೋನ್ ಆ ಕೊಂಡಿಯನ್ನೇ ಸಡಿಲಿಸುವಂಥದು. ಇನ್ನು ಮರಗಟ್ಟಿಸುವ ಮದ್ದು ಚುಚ್ಚಿದರಂತೂ ಬಿರುಕುಬಿಟ್ಟ ಎಲುಬಿನ ಮೇಲೆ ಆಟಗಾರ ಅರಿವಿಲ್ಲದೆ ಪೂರ್ತಿ ಭಾರ ಹಾಕಿ ಬಿರುಕನ್ನು ಮುರಿತವಾಗಿಸಿಕೊಳ್ಳಬಹುದು. ಬೆಕ್‌ಹ್ಯಾಮನ ಪಾದಕ್ಕೆ ಜನ ಹಾರೈಕೆಯನ್ನೇ ನೆಚ್ಚಬೇಕಾಗಿ ಬಂದದ್ದು ಇದಕ್ಕಾಗಿ. ಆತನದು ಎರಡನೆಯ ಎಲುಬು, ಹೆಚ್ಚು ಹಟವಿಲ್ಲದ್ದು. ಜೂನ್ ೨ರಂದು ಆತ ಆಡಿದ, ೭ರಂದು ಸಪ್ಪೊರೋದಲ್ಲಿ ಅರ್ಜೆಂಟೀನದ ಮೇಲೆ ಪೆನಾಲ್ಟಿಯಿಂದ ಗೆಲುವಿನ ಗೋಲನ್ನೂ ಹೊಡೆದ. ಆದರೆ ೨೧ರಂದು ಬ್ರೆಜಿಲಿನ ಎದುರು, ಗೆರೆಯ ಬಳಿ ಚೆಂಡಿಗಾಗಿ ಇಬ್ಬರು ಎದುರಾಳಿಗಳು ನುಗ್ಗಿದಾಗ, ಆತ ಕಾಲು ಕೊಡದೆ ಮೇಲಕ್ಕೆ ಜಿಗಿದ. ಅಲ್ಲಿಂದ ಹೊರಟ ಚೆಂಡು ಇಂಗ್ಲೆಂಡಿನ ಬಲೆ ಸೇರಿತು. ಪಂದ್ಯ ೨-೧ರಿಂದ ಕೈಬಿಟ್ಟಿತು. ಪಾದದ ಭಯದಿಂದಲೇ ಜಿಗಿದನೆಂದು ಟೀಕಾಕಾರರು ಆಡಿಕೊಂಡರು. ಹಾಗಿದ್ದರೂ ತಪ್ಪೇನು? ಎರಡು ತಿಂಗಳ ಹಿಂದೆ ಮುರಿದ ಕಾಲನ್ನು ಮತ್ತೊಬ್ಬರ ಬೂಟಿನ ಕೆಳಗೆ ಚಾಚಲು ಯಾವ ತಾಯಿ ಮಗನಿಗೆ ಬುದ್ಧಿ ಹೇಳಿಯಾಳು?

ಕಾಲ್ಚೆಂಡು ಉದ್ಯೋಗವಾದ ಕಡೆ ತೊಡಕು ಇರುವುದು ಇಲ್ಲಿಯೇ. ಎಲುಬಿಗೆ ತನ್ನದೇ ಪಂಚಾಂಗ, ಪಂದ್ಯಾವಳಿಗೆ ಬೇರೊಂದು. ತಂಡದ ಒಡೆಯನಿಗೆ ಟಿಕೀಟಿನ ಚಿಂತೆ, ತರಬೇತುದಾರನಿಗೆ ಶನಿವಾರದ ಚಿಂತೆ. ವೈದ್ಯರಿಗೆ ಸಂಬಳ ಬರುವುದು ತಂಡದಿಂದ, ಮದ್ದು ಕೊಡುವುದು ಆಟಗಾರನಿಗೆ. ಇಬ್ಬರು ಯಜಮಾನರ ನಡುವೆ ಅವರ ಪಾಡು. ಎಲ್ಲರಿಗಿಂತ ಹೆಚ್ಚು ಆತುರ ಆಟಗಾರನಿಗೇ. ತನ್ನ ಜಾಗಕ್ಕೆ ಇನ್ನೊಬ್ಬ ತರುಣ ಬೆಂಚಿನ ಮೇಲೆ ಕಾದು ಕುಳಿತಿರುವುದು ಆತನಿಗೆ ಕಾಣುತ್ತದೆ. ಚುಚ್ಚಿ, ಆಡುತ್ತೇನೆ, ಎಂದು ಆತನೇ ಕಾಲು ಚಾಚುತ್ತಾನೆ. ಬಲವಂತವೆಲ್ಲಿದೆ ಎಂದು ಕೇಳಿದರೆ ಯಾರ ಕಡೆಗೂ ಬೆರಳು ತೋರಿಸಲಾಗದು. ೨೦೧೦ರ ವಿಶ್ವ ಕಪ್ಪಿನಲ್ಲಿ ಆಡಿದವರ ಪೈಕಿ ನೂರಕ್ಕೆ ಸುಮಾರು ೩೯ ಮಂದಿ ಪ್ರತಿಯೊಂದು ಪಂದ್ಯಕ್ಕೂ ಮೊದಲು ನೋವು ನಿವಾರಕ ಸೇವಿಸಿದ್ದರೆಂದು ಫೀಫಾದ ವೈದ್ಯರೇ ಲೆಕ್ಕಹಾಕಿ ಎಚ್ಚರಿಸಿದರು. ಕಾರ್ಟಿಸೋನ್ ಬಳಗದ ವಿಷಯದಲ್ಲಿ ಜಾಗತಿಕ ಮದ್ದುತಡೆ ಸಂಸ್ಥೆ ೨೦೨೨ರ ಜನವರಿ ೧ರಿಂದ ಕಟ್ಟುನಿಟ್ಟು ತಂದಿತು. ಮೊದಲು ಕೀಲಿಗೆ ಚುಚ್ಚಿಸಿಕೊಂಡು ಆಡಬಹುದಾಗಿತ್ತು. ಈಗ ಸ್ಪರ್ಧೆಯ ಕಾಲದಲ್ಲಿ ಯಾವ ಬಗೆಯ ಚುಚ್ಚುಮದ್ದೂ ನಿಷಿದ್ಧ. ಕೀಲಿಗೆ ಚುಚ್ಚಿದರೆ ಮದ್ದಿಗನುಸಾರ ಮೂರರಿಂದ ಹತ್ತು ದಿನ ಬಿಟ್ಟು ಮೈದಾನಕ್ಕಿಳಿಯಬೇಕು, ಇಲ್ಲವೇ ಮುಂಚಿತವಾಗಿ ಅನುಮತಿ ಪಡೆಯಬೇಕು. ನಿಯಮ ಮಾಡಿದ್ದು ಮೋಸ ತಡೆಯಲು. ಅದರಿಂದ ಪಾದಕ್ಕೆ ನಾಲ್ಕು ದಿನ ವಿಶ್ರಾಂತಿಯೂ ಸಿಕ್ಕಂತಾಯಿತು.

ನೋವನ್ನು ಕಡೆಗಣಿಸಿ ಆಡಿದವರ ಪಾಡನ್ನು ಹೇಳಬಲ್ಲವನು ಹಾಲೆಂಡಿನ ಮಾರ್ಕೊ ವಾನ್ ಬಾಸ್ಟೆನ್. ೧೯೮೬ರ ಡಿಸೆಂಬರಿನಲ್ಲಿ ಆಜಾಕ್ಸ್ ತಂಡದ ಪರವಾಗಿ ಆಡುತ್ತಿದ್ದಾಗ ಆತನ ಹರಡಿಗೆ ಪೆಟ್ಟಾಯಿತು. ಆಗ ಇಪ್ಪತ್ತೆರಡು ವರ್ಷ. ತರಬೇತುದಾರನಾಗಿದ್ದವನು ಯೊಹಾನ್ ಕ್ರೈಫ್, ತರುಣನ ಪಾಲಿಗೆ ಗುರುವೂ ದೇವರೂ. ಇದಕ್ಕಿಂತ ಹೆಚ್ಚು ಕೆಡುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅಭ್ಯಾಸ ಬೇಡ, ಕೆಲವು ಪಂದ್ಯಗಳೂ ಬೇಡ, ಯೂರೋಪಿನ ಕಪ್ಪಿನ ಪಂದ್ಯಗಳಲ್ಲಿ ಮಾತ್ರ ಆಡು ಎಂದು ಗುರು ಒಡಂಬಡಿಸಿದ. ಶಿಷ್ಯ ಒಪ್ಪಿದ. ೧೯೮೭ರ ಮೇ ೧೩ರಂದು ಅಥೆನ್ಸಿನಲ್ಲಿ ಕಪ್ಪಿನ ಕೊನೆಯ ಪಂದ್ಯ. ಆತನ ಒಂದೇ ಗೋಲಿನಿಂದ ಆಜಾಕ್ಸ್ ಗೆದ್ದಿತು. ಹರಡು ಮಾತ್ರ ಮೊದಲಿನಂತಾಗಲಿಲ್ಲ. ಇಟಲಿಯ ಮಿಲಾನ್ ತಂಡ ಸೇರಿದ ಮೊದಲ ವರ್ಷದಲ್ಲಿ ಬಹುಪಾಲು ಪಂದ್ಯಗಳನ್ನು ಶಸ್ತ್ರಚಿಕಿತ್ಸೆಗೇ ಕಳೆದುಕೊಂಡ.

ಇದರ ನಡುವೆಯೂ ಆತ ಆಡಿದ ಆಟ ಎಂಥದು! ೧೯೮೮ರ ಜೂನ್ ೨೫ರಂದು ಮ್ಯೂನಿಕ್ಕಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ, ಯೂರೋಪ್ ಚಾಂಪಿಯನ್ ಪಟ್ಟದ ಕೊನೆಯ ಪಂದ್ಯದಲ್ಲಿ, ಆಕಾಶದಿಂದಿಳಿದ ಚೆಂಡನ್ನು ನೆಲಕ್ಕೆ ಬೀಳಗೊಡದೆ, ನಿಲುಕದ ಮೂಲೆಯಿಂದ ಸೋವಿಯೆತ್ ತಂಡದ ಗೋಲಿಗೆ ಒದ್ದ. ಕಾಲ್ಚೆಂಡಿನ ಮಾತು ಬಂದಲ್ಲೆಲ್ಲ ಆ ಒದೆತವನ್ನು ನೆನೆಯುತ್ತಾರೆ. ಮೂರು ಬಾರಿ ಯೂರೋಪಿನ ಶ್ರೇಷ್ಠ ಆಟಗಾರನೆನಿಸಿದ. ೧೯೯೨ರ ಡಿಸೆಂಬರಿನಲ್ಲಿ ಮತ್ತೆ ಹರಡಿಗೆ ಕತ್ತರಿ. ೧೯೯೩ರ ಮೇ ೨೬ರಂದು ಅದೇ ಮ್ಯೂನಿಕ್ಕಿನ ಅದೇ ಕ್ರೀಡಾಂಗಣದಲ್ಲಿ ಮಾರ್ಸೇಲ್ಸ್ ತಂಡದ ಎದುರು ಮಿಲಾನ್ ಪರವಾಗಿ ಇಳಿದ. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಆತನನ್ನು ಹೊರಗೆ ಕರೆಸಿಕೊಂಡರು. ವಯಸ್ಸು ಇಪ್ಪತ್ತೆಂಟು. ಅದೇ ಕೊನೆಯ ಪಂದ್ಯವೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಮುಂದಿನ ಎರಡು ವರ್ಷ ವೈದ್ಯರಿಂದ ವೈದ್ಯರಿಗೆ ಅಲೆದಾಟ. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ನೆಲದ ಮೇಲೆ ತೆವಳಿಕೊಂಡು ಹೋಗುತ್ತಿದ್ದುದನ್ನು ಆತ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅರ್ಜೆಂಟೀನದ ಪ್ರಖ್ಯಾತ ಗೋಲುಗಾರ ಬತಿಸ್ತೂತನ ಅವಸ್ಥೆಯೂ ಹೆಚ್ಚು ಬೇರೆಯಲ್ಲ. ೨೦೦೫ರಲ್ಲಿ ಆಟ ಬಿಟ್ಟ ಮೇಲೆ ಹರಡುಗಳ ನೋವು ತಾಳಲಾರದೆ, ಕಾಲುಗಳನ್ನು ಕತ್ತರಿಸಿಬಿಡಿ ಎಂದು ಆತ ತನ್ನ ವೈದ್ಯರನ್ನು ಬೇಡಿಕೊಂಡ. ವೈದ್ಯರು ಒಪ್ಪಲಿಲ್ಲ.

ವಾನ್ ಬಾಸ್ಟೆನನ ನೋವು ಕೊನೆಗೆ ನಿಂತದ್ದು ಯಾವ ಸೂಜಿಯಿಂದಲೂ ಅಲ್ಲ. ಆಟ ತೊರೆದ ಮೇಲೆ ವೈದ್ಯರು ಹರಡಿನ ಎಲುಬುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟರು. ಕೀಲು ಅಲುಗಾಡುವುದು ನಿಂತಿತು. ಅದರೊಡನೆ ನೋವೂ ನಿಂತಿತು. ಅದಕ್ಕೆ ಮೊದಲು, ೧೯೯೫ರ ಆಗಸ್ಟ್ ೧೭ರಂದು, ಇನ್ನು ಆಡುವುದಿಲ್ಲವೆಂದು ಆತ ಸಾರಿದ್ದ. ಮರುದಿನ ಸಂಜೆ ಮಿಲಾನಿನ ಸಾನ್ ಸಿರೋ ಕ್ರೀಡಾಂಗಣದಲ್ಲಿ, ಪಂದ್ಯ ಆರಂಭವಾಗುವ ಮುನ್ನ, ಸಾಧಾರಣ ಷರಾಯಿ, ಅಂಗಿ, ಮೇಲಂಗಿ ತೊಟ್ಟು ಮೈದಾನವನ್ನು ಒಂದು ಸುತ್ತು ಬಂದ. ತುಂಬಿದ ಜನ ಎದ್ದುನಿಂತು ಆತನ ಹೆಸರು ಕೂಗುತ್ತಿದ್ದರು. ಆತ ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟುತ್ತ ಓಡುವಂತೆ ನಡೆದ. ಬೆಂಚಿನ ಮೇಲೆ ಕುಳಿತಿದ್ದ ತಂಡದ ತರಬೇತುದಾರ ಫಾಬಿಯೊ ಕಪೆಲ್ಲೊ, ಕಟು ಮನುಷ್ಯನೆಂದೇ ಹೆಸರಾದವನು, ಅಳುತ್ತಿದ್ದ.